ವಿಶ್ವವಿದ್ಯಾನಿಲಯದಲ್ಲಿ ಲಯಶಿಕ್ಷಣ: ಗಣಿತದಿಂದ ಮನೋಧರ್ಮಕ್ಕೆ

ಭಾರತೀಯ ಸಂಗೀತಶಾಸ್ತ್ರದಲ್ಲಿ ತಾಳವಿಚಾರಕ್ಕೆ ಪ್ರಾಚೀನ ಕಾಲದಿಂದಲೂ ಸ್ವತಂತ್ರ ಸ್ಥಾನವಿದೆ. ಭರತನ ನಾಟ್ಯಶಾಸ್ತ್ರದಲ್ಲಿ ತಾಳಕ್ಕೆಂದೇ ಒಂದು ಅಧ್ಯಾಯವಿದೆ. 13ನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದ ಏಳು ಅಧ್ಯಾಯಗಳಲ್ಲಿ ಐದನೆಯದನ್ನು ತಾಳಕ್ಕೂ ಆರನೆಯದನ್ನು ವಾದ್ಯಗಳಿಗೂ ಮೀಸಲಿಟ್ಟನು. ಆದರೆ ತಾಳವನ್ನು ಕುರಿತ ಗ್ರಂಥಜ್ಞಾನ ಮತ್ತು ವಾದಕನ ಕೈಯಲ್ಲಿರುವ ಲಯಜ್ಞಾನಗಳು ಬಹುಮಟ್ಟಿಗೆ ಬೇರೆ ಬೇರೆ ದಾರಿಗಳಲ್ಲಿ ಸಾಗಿಬಂದವು. ಮೊದಲನೆಯದು ವಿದ್ವಾಂಸರ ವ್ಯಾಖ್ಯಾನಗಳಲ್ಲಿ ಬೆಳೆಯಿತು. ಎರಡನೆಯದು ಗುರುವಿನ ಎದುರು ಕುಳಿತ ಶಿಷ್ಯನ ನಾಲಗೆ ಮತ್ತು ಬೆರಳುಗಳಲ್ಲಿ ಉಳಿಯಿತು. 20ನೆಯ ಶತಮಾನದಲ್ಲಿ ಸಂಗೀತವು ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿದಾಗ ಈ ಎರಡೂ ಒಂದೇ ಸೂರಿನಡಿ ಬಂದವು. ಆಗ ಎದುರಾದ ಪ್ರಶ್ನೆಗೆ ಇಂದಿಗೂ ಪೂರ್ಣ ಉತ್ತರ ದೊರೆತಿಲ್ಲ: ಲಯವನ್ನು ಪಾಠವಾಗಿ ಬೋಧಿಸಬಹುದು, ಆದರೆ ಲಯದಲ್ಲಿ ಸೃಷ್ಟಿಸುವ ಶಕ್ತಿಯನ್ನು ಬೋಧಿಸುವುದು ಹೇಗೆ?

ದಕ್ಷಿಣ ಭಾರತದಲ್ಲಿ ಈ ಪ್ರಯೋಗಕ್ಕೆ ಮದ್ರಾಸ್ ವಿಶ್ವವಿದ್ಯಾನಿಲಯ ಮತ್ತು ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾನಿಲಯಗಳು ಮುಖ್ಯ ನೆಲೆಗಳಾದವು. ಮದ್ರಾಸಿನ ಸಂಗೀತ ವಿಭಾಗವನ್ನು ದೀರ್ಘಕಾಲ ಮುನ್ನಡೆಸಿದ ಪಿ. ಸಾಂಬಮೂರ್ತಿಯವರು (1901–1973) ಶಾಸ್ತ್ರಭಾಗವನ್ನು ತರಗತಿಗೆ ಒಗ್ಗುವಂತೆ ಕ್ರಮಗೊಳಿಸಿ ಪಠ್ಯಗ್ರಂಥಗಳನ್ನು ರಚಿಸಿದರು. ಇಂತಹ ಕ್ರಮಕ್ಕೆ ತಾಳವು ಸುಲಭವಾಗಿ ಒಗ್ಗುವ ವಿಷಯ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳು ಕನ್ನಡ ನಾಡಿನ ಹರಿದಾಸರ ಸುಳಾದಿಗಳೊಡನೆ ನಿಕಟ ಸಂಬಂಧವುಳ್ಳವು. ಲಘುವಿನ ಐದು ಜಾತಿಗಳೊಡನೆ ಗುಣಿಸಿದರೆ ಅವೇ 35 ತಾಳಗಳಾಗುತ್ತವೆ. ಇವನ್ನು ಪಟ್ಟಿಯಾಗಿ ಬರೆಯಬಹುದು, ಕಂಠಪಾಠ ಮಾಡಬಹುದು, ಪ್ರಶ್ನೆಪತ್ರಿಕೆಯಲ್ಲಿ ಕೇಳಬಹುದು, ಅಂಕವನ್ನೂ ಕೊಡಬಹುದು. ಆದರೆ ಈ 35ರಲ್ಲಿ ಕಚೇರಿಯ ನಿತ್ಯಬಳಕೆಗೆ ಬರುವವು ಬೆರಳೆಣಿಕೆಯಷ್ಟು ಮಾತ್ರ. ಆ ಕೆಲವೇ ತಾಳಗಳೊಳಗೆ ವಾದಕನು ಅಪಾರ ವೈವಿಧ್ಯವನ್ನು ಹೇಗೆ ಕಾಣುತ್ತಾನೆ ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ.

ಒಂದು ಸರಳ ಲೆಕ್ಕದಿಂದ ಈ ಅಂತರವನ್ನು ಸ್ಪಷ್ಟಪಡಿಸಬಹುದು. ಆದಿತಾಳದ ಎಂಟು ಅಕ್ಷರಗಳಿಗೆ ತಲಾ ನಾಲ್ಕರಂತೆ ಒಂದು ಆವರ್ತಕ್ಕೆ 32 ಮಾತ್ರೆಗಳು. ಐದು ಮಾತ್ರೆಗಳ ಒಂದು ಸೊಲ್ಲನ್ನು ಮೂರು ಬಾರಿ ನುಡಿಸಿ, ನಡುವೆ ಒಂದೊಂದು ಮಾತ್ರೆಯ ಬಿಡುವು ಕೊಟ್ಟರೆ 17 ಮಾತ್ರೆಗಳ ಮುಕ್ತಾಯವಾಗುತ್ತದೆ. ಅದು ಸಮಕ್ಕೆ ಸೇರಬೇಕಾದರೆ 16ನೆಯ ಮಾತ್ರೆಯಿಂದ ತೊಡಗಬೇಕು. ಕೃತಿಯ ಎತ್ತುಗಡೆ ಸಮದಿಂದ ಅರ್ಧ ಅಕ್ಷರದಷ್ಟು ಮುಂದಿದ್ದರೆ ಅದೇ ಮುಕ್ತಾಯವು 18ನೆಯ ಮಾತ್ರೆಯಿಂದ ಹೊರಡಬೇಕು. ಇಲ್ಲಿಯವರೆಗಿನದು ಗಣಿತ. ಆದರೆ ಐದೈದರ ಬದಲು ನಾಲ್ಕು, ಐದು, ಆರು ಎಂದು ಸೊಲ್ಲುಗಳನ್ನು ಹಿಗ್ಗಿಸಿದರೂ, ಆರು, ಐದು, ನಾಲ್ಕು ಎಂದು ಕುಗ್ಗಿಸಿದರೂ ಮೊತ್ತ 17 ಆಗಿಯೇ ಉಳಿಯುತ್ತದೆ. ಮೊದಲನೆಯದು ಹೊಳೆಯಂತೆ ಅಗಲವಾಗುವ ಸ್ರೋತೋವಹ ಯತಿ. ಎರಡನೆಯದು ಹಸುವಿನ ಬಾಲದಂತೆ ಕಿರಿದಾಗುವ ಗೋಪುಚ್ಛ ಯತಿ. ಪ್ರಾಚೀನ ಶಾಸ್ತ್ರದಲ್ಲಿ ಲಯದ ಗತಿಯನ್ನು ಕುರಿತಿದ್ದ ಯತಿಯ ಪರಿಭಾಷೆ ಇಂದು ಸೊಲ್ಲುಗಳ ವಿನ್ಯಾಸಕ್ಕೂ ಅನ್ವಯವಾಗುತ್ತಿದೆ. ಲೆಕ್ಕಕ್ಕೆ ಮೂರೂ ಸಮಾನ. ಆ ಕ್ಷಣದಲ್ಲಿ, ಆ ಕೃತಿಗೆ, ಆ ಗಾಯಕನ ಸಾಹಿತ್ಯದ ನಡೆಗೆ ಯಾವುದು ಒಪ್ಪುತ್ತದೆ ಎಂಬ ನಿರ್ಣಯವೇ ಮನೋಧರ್ಮ. ಲಿಖಿತ ಪರೀಕ್ಷೆಯು ಮೊತ್ತವನ್ನು ಅಳೆಯಬಲ್ಲುದೇ ಹೊರತು ಈ ನಿರ್ಣಯವನ್ನಲ್ಲ.

ಈ ಸಮಸ್ಯೆಗೆ ಬೇರೊಂದು ದಿಕ್ಕಿನಿಂದ ಪರಿಹಾರ ಹುಡುಕುವ ಯತ್ನವು ಅಮೆರಿಕದಲ್ಲಿ ನಡೆಯಿತು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮ್ಯಾಂಟಲ್ ಹುಡ್ ಅವರು 1960ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಅನ್ಯ ಸಂಗೀತವನ್ನು ಅಧ್ಯಯನ ಮಾಡುವವನು ಅದನ್ನು ಹಾಡಲು ಅಥವಾ ನುಡಿಸಲು ಕಲಿಯಲೇಬೇಕೆಂದು ವಾದಿಸಿದರು. ಅದೇ ಕೇಂದ್ರದ ರಾಬರ್ಟ್ ಇ. ಬ್ರೌನ್ ಮೃದಂಗವಿದ್ವಾಂಸ ಟಿ. ರಂಗನಾಥನ್ (1925–1987) ಅವರಲ್ಲಿ ಅಭ್ಯಾಸ ಮಾಡಿ, ದಕ್ಷಿಣ ಭಾರತದ ಮೃದಂಗವಾದನವನ್ನು ಕುರಿತ ಮಹಾಪ್ರಬಂಧವನ್ನು 1965ರಲ್ಲಿ ಪೂರ್ಣಗೊಳಿಸಿದರು. ಇದಕ್ಕೂ ಮೊದಲೇ, 1963ರಲ್ಲಿ, ರಂಗನಾಥನ್ ಅವರು ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾನಿಲಯಕ್ಕೆ ನಿವಾಸಿ ಕಲಾವಿದರಾಗಿ ನೇಮಕಗೊಂಡಿದ್ದರು. ವೀಣೆ ಧನಮ್ಮಾಳ್ ಅವರ ಮೊಮ್ಮಗನೂ ನೃತ್ಯಕಲಾವಿದೆ ಬಾಲಸರಸ್ವತಿಯವರ ಸೋದರನೂ ಆದ ಇವರು ಮೃದಂಗವನ್ನು ಕಲಿತದ್ದು ಪಳನಿ ಸುಬ್ರಹ್ಮಣ್ಯ ಪಿಳ್ಳೆ (1908–1962) ಅವರಲ್ಲಿ. ಪಳನಿಯವರ ಮತ್ತೊಬ್ಬ ಶಿಷ್ಯ ತಿರುಚ್ಚಿ ಶಂಕರನ್ 1971ರಲ್ಲಿ ಕೆನಡಾದ ಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಬೋಧನೆಯನ್ನು ಆರಂಭಿಸಿದರು. ಹೀಗೆ ಒಬ್ಬನೇ ಗುರುವಿನ ಬಾನಿ ಇಬ್ಬರು ಶಿಷ್ಯರ ಮೂಲಕ ಎರಡು ವಿಶ್ವವಿದ್ಯಾನಿಲಯಗಳನ್ನು ಸೇರಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕಲಾವಿದನು ಕಲಾವಿದನಾಗಿಯೇ ಅಧ್ಯಾಪಕನಾದುದು. ಇದರ ಫಲ ಸಂಶೋಧನೆಯಲ್ಲಿಯೂ ಕಾಣಿಸಿತು. ರಂಗನಾಥನ್ ಅವರ ಸೋದರ, ಕೊಳಲುವಾದಕ ಟಿ. ವಿಶ್ವನಾಥನ್ ಅವರು 1975ರಲ್ಲಿ ರಾಗಾಲಾಪನೆಯನ್ನು ಕುರಿತು ವೆಸ್ಲಿಯನ್‌ನಲ್ಲಿ ಡಾಕ್ಟರೇಟ್ ಪಡೆದರು. ತಾನು ಮಾಡುವ ಕಲ್ಪನೆಯನ್ನು ತಾನೇ ವಿಶ್ಲೇಷಿಸುವ ಹೊಣೆಯನ್ನು ಕಲಾವಿದ ಹೊತ್ತುಕೊಂಡದ್ದಕ್ಕೆ ಇದೊಂದು ನಿದರ್ಶನ. ರಂಗನಾಥನ್ ಅವರ ಶಿಷ್ಯ ಡೇವಿಡ್ ನೆಲ್ಸನ್ 1991ರಲ್ಲಿ ತನಿ ಆವರ್ತನವನ್ನೇ ವಸ್ತುವಾಗಿಸಿಕೊಂಡು ಅಲ್ಲಿಯೇ ಮಹಾಪ್ರಬಂಧ ರಚಿಸಿದರು. 2008ರಲ್ಲಿ ಸೊಲ್ಲುಕಟ್ಟಿನ ಕೈಪಿಡಿಯನ್ನು ಪ್ರಕಟಿಸಿದರು. ಕೈಯಲ್ಲಿ ತಾಳ ಹಾಕುತ್ತ, ಬಾಯಲ್ಲಿ ಸೊಲ್ಲು ನುಡಿಯುತ್ತ ಕಲಿಯುವ ಗುರುಮನೆಯ ಕ್ರಮವೇ ಆ ಕೈಪಿಡಿಯ ಆಧಾರ. ವಾದ್ಯವಿಲ್ಲದವನಿಗೂ ಲಯದ ಬಾಗಿಲು ತೆರೆಯುವ ಈ ವಿಧಾನ ತರಗತಿಯಲ್ಲಿಯೂ ಸಾಧ್ಯವೆಂದು ಅದರಿಂದ ತಿಳಿದುಬಂದಿತು.

ಈ ಚರಿತ್ರೆಯ ಒಂದು ಎಳೆ ಕರ್ನಾಟಕಕ್ಕೂ ಸೇರಿದೆ. ಬೆಂಗಳೂರಿನಲ್ಲಿ ಲಯಾಭ್ಯಾಸ ಮಾಡಿದ ಸ್ಪೇನಿನ ಸಂಗೀತಕಾರ ರಫೇಲ್ ರೈನಾ ಅದನ್ನು ಆಮ್‌ಸ್ಟರ್‌ಡ್ಯಾಮಿನ ಸಂಗೀತ ವಿದ್ಯಾಲಯದ ಬೋಧನೆಗೆ ಅಳವಡಿಸಿ, ಪಾಶ್ಚಾತ್ಯ ರಚನೆಗಳಲ್ಲಿ ಕರ್ನಾಟಕ ಸಂಗೀತದ ಲಯತಂತ್ರಗಳನ್ನು ಬಳಸುವ ಬಗೆಯನ್ನು ಕುರಿತು 2015ರಲ್ಲಿ ಗ್ರಂಥ ಪ್ರಕಟಿಸಿದರು. ಕರ್ನಾಟಕದಲ್ಲಿ 2009ರ ಅಧಿನಿಯಮದ ಮೂಲಕ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾನಿಲಯಕ್ಕೆ ಮೈಸೂರಿನಲ್ಲಿ ಅಸ್ತಿಭಾರ ಬಿದ್ದಿತು. ಹೊರನಾಡಿನ ಅನುಭವದಿಂದ ಇಲ್ಲಿನ ಲಯಶಿಕ್ಷಣವು ಪಡೆಯಬಹುದಾದ ಪಾಠವೆಂದರೆ ಅಲ್ಲಿನ ಪಠ್ಯಕ್ರಮದ ಅನುಕರಣೆಯಲ್ಲ. ಮೂಲ ಕ್ರಮ ಇಲ್ಲಿಯದೇ.

ಬದಲಾಗಬೇಕಾದುದು ಮೌಲ್ಯಮಾಪನದ ದೃಷ್ಟಿ. ಸಿದ್ಧಪಡಿಸಿಕೊಂಡು ಬಂದ ಮುಕ್ತಾಯವನ್ನು ವಿದ್ಯಾರ್ಥಿ ತಪ್ಪಿಲ್ಲದೆ ಒಪ್ಪಿಸಿದರೆ ಅದು ಅಭ್ಯಾಸದ ಫಲ, ಅದಕ್ಕೆ ಬೆಲೆಯುಂಟು. ಆದರೆ ಅವನು ಹಿಂದೆ ಕೇಳಿರದ ಎತ್ತುಗಡೆಯ ಕೃತಿಯೊಂದನ್ನು ಎದುರಿಗೆ ಹಾಡಿಸಿ, ಅದಕ್ಕೆ ಹೊಂದುವ 17 ಮಾತ್ರೆಗಳನ್ನು ಅಲ್ಲಿಯೇ ಕಟ್ಟುವಂತೆ ಹೇಳಿದಾಗ ಅವನ ಲೆಕ್ಕ, ಕೇಳ್ಮೆ, ಔಚಿತ್ಯಪ್ರಜ್ಞೆಗಳು ಒಟ್ಟಿಗೆ ಪರೀಕ್ಷೆಗೊಳಗಾಗುತ್ತವೆ. ಅಂತಹ ಪರೀಕ್ಷೆಗೆ ಸ್ವತಃ ನುಡಿಸಬಲ್ಲ, ನುಡಿಸಿದ್ದನ್ನು ವಿವರಿಸಬಲ್ಲ ಪರೀಕ್ಷಕರು ಬೇಕು. ಅಂಥವರನ್ನು ಪದವಿಪತ್ರದ ಅಳತೆಯಿಂದ ಹೊರಗಿಡದೆ ಬರಮಾಡಿಕೊಂಡ ಕಡೆಗಳಲ್ಲಿ ಲಯವಿದ್ಯೆ ಬೆಳೆದುದನ್ನು ಕಳೆದ ಅರ್ಧಶತಮಾನಕ್ಕೂ ಹೆಚ್ಚಿನ ಚರಿತ್ರೆ ತೋರಿಸುತ್ತದೆ.