ಅಕ್ರೊಪಾಂಗ್ ಶಾಲೆ ಕಟ್ಟಿದವರು ಯಾರು?

1843ನೇ ಇಸವಿ ಅಂದರೆ ನಮ್ಮ ಕನ್ನಡ ಮೇಷ್ಟ್ರುಗಳಿಗೆ ನೆನಪಾಗೋದು ಒಂದೇ ಸಂಗತಿ. ಆ ವರ್ಷ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಕೇಳುವ ಪ್ರಶ್ನೆ ಅದು. ಅದಕ್ಕೆ ಎರಡೂವರೆ ತಿಂಗಳು ಮುಂಚೆ, ಏಪ್ರಿಲ್ 17ರಂದು, ಅದೇ ಬಾಸೆಲ್ ಮಿಷನ್ ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ 24 ಮಂದಿ ಕರಿಯರನ್ನು ಹಡಗಿನಿಂದ ಇಳಿಸಿತು. ಹಡಗಿನ ಹೆಸರು ಜೋಸೆಫ್ ಆಂಡರ್ಸನ್. ಇದನ್ನು ಯಾವ ಪರೀಕ್ಷೆಯಲ್ಲೂ ಯಾರೂ ಕೇಳುವುದಿಲ್ಲ.

ಇಳಿದ ಜಾಗ ಕ್ರಿಸ್ಟಿಯಾನ್ಸ್‌ಬೋರ್ಗ್. ಈಗಿನ ಘಾನಾ ದೇಶದ ಅಕ್ರಾ ಪಟ್ಟಣಕ್ಕೆ ಅಂಟಿಕೊಂಡ ಡೇನಿಷ್ ಕೋಟೆ. ಅದೇ ಕೋಟೆಯಿಂದ ಡೇನರು ಆಫ್ರಿಕಾದ ಜನರನ್ನು ಸರಪಳಿ ಹಾಕಿ ಹಡಗಿಗೆ ತುಂಬಿ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಿಗೆ ಸಾಗಿಸಿದ್ದರು. ಈಗ ಬಂದವರು ಅದೇ ವೆಸ್ಟ್ ಇಂಡೀಸಿನವರು. ಹೆಚ್ಚಿನವರು ಜಮೈಕಾದವರು, ಆಂಟಿಗಾದ ಒಬ್ಬ. ಗುಲಾಮರ ಮಕ್ಕಳು, ಮೊಮ್ಮಕ್ಕಳು. ಬ್ರಿಟಿಷರ ಆ ದ್ವೀಪಗಳಲ್ಲಿ ಗುಲಾಮಗಿರಿ ಪೂರಾ ಕಳಚಿದ್ದು 1838ರಲ್ಲಿ. ಅಂದರೆ ಬೇಡಿ ಬಿಚ್ಚಿ ಐದೇ ವರ್ಷ. ಅಜ್ಜ ಅಜ್ಜಿಯರನ್ನು ಸರಕಿನ ಹಾಗೆ ಹೊತ್ತು ಹೋದ ಸಮುದ್ರದ ಮೇಲೆ ಮೊಮ್ಮಕ್ಕಳು ವಾಪಸು ಬಂದರು. ಬಂದದ್ದು ಯಾಕೆ? ಶಾಲೆ ನಡೆಸಲಿಕ್ಕೆ.

ಸ್ವಲ್ಪ ಹಿಂದಿನದು ಹೇಳಬೇಕು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಗೋಲ್ಡ್ ಕೋಸ್ಟಿಗೆ ಅದಕ್ಕೂ ಮುಂಚೆ, 1828ರ ಡಿಸೆಂಬರಿನಲ್ಲಿ ಹೋಗಿತ್ತು. 1840ರೊಳಗೆ ಅಲ್ಲಿಗೆ ಹೋದ 9 ಮಂದಿ ಬಿಳಿ ಪಾದ್ರಿಗಳಲ್ಲಿ 8 ಮಂದಿ ಸತ್ತರು. ಬಹಳಷ್ಟು ಜನ ಜ್ವರಕ್ಕೇ ಬಲಿ. ಉಳಿದವನು ಆಂಡ್ರಿಯಾಸ್ ರೀಸ್ ಒಬ್ಬನೇ. ಅವನಿಗೂ ಸಾಯುವ ಹಾಗೆ ಜ್ವರ ಬಂದಿತ್ತು, ಬದುಕಿಸಿದ್ದು ಅಲ್ಲಿಯ ನಾಟಿ ವೈದ್ಯ. ಅಜ್ಞಾನದ ಕತ್ತಲೆ ಓಡಿಸಲು ಹೋದವನ ಪ್ರಾಣ ಉಳಿಸಿದ್ದು ಆ ‘ಅಜ್ಞಾನಿ’ಗಳ ಬೇರು ಸೊಪ್ಪು! 1835ರಲ್ಲಿ ರೀಸ್ ಕರಾವಳಿ ಬಿಟ್ಟು ಅಕುವಾಪೆಮ್ ಬೆಟ್ಟ ಹತ್ತಿ ಅಕ್ರೊಪಾಂಗ್ ಅನ್ನೋ ಊರಿಗೆ ಹೋದ. ಅಲ್ಲಿಯ ಅರಸ ಅಡ್ಡೊ ಡಂಕ್ವಾ ಜಾಗ ಕೊಟ್ಟ. ರೀಸ್ ಮನೆ ಕಟ್ಟಿದ. ಊರವರು ಅವನಿಗೆ ‘ಮನೆ ಕಟ್ಟುವವ’ ಅಂತ ತಮ್ಮ ಭಾಷೆಯಲ್ಲಿ ಹೆಸರಿಟ್ಟರು. ಆದರೆ ಐದು ವರ್ಷ ಕಳೆದರೂ ಒಬ್ಬನೂ ಕ್ರೈಸ್ತನಾಗಲಿಲ್ಲ.

ಆಗ ಅರಸ ಒಂದು ಮಾತು ಹೇಳಿದನೆಂದು ಆ ಸೀಮೆಯಲ್ಲಿ ಹೇಳಿಕೊಂಡು ಬಂದಿದ್ದಾರೆ: ಈ ಪುಸ್ತಕ ಬಿಳಿಯರದ್ದು ಅಂತ ನಾವು ತಿಳಿದಿದ್ದೇವೆ, ಅದನ್ನು ಓದಬಲ್ಲ ಒಬ್ಬ ಕರಿಯನನ್ನು ತೋರಿಸು, ಆಮೇಲೆ ನೋಡೋಣ. ಎಂಥ ಮಾತು ನೋಡಿ! ವೇದ ಕೇಳಿದ ಕಿವಿಗೆ ಕಾದ ಸೀಸ ಹುಯ್ಯಬೇಕೆಂಬ ಧರ್ಮಶಾಸ್ತ್ರದ ನಾಡಿನ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕ ಯಾರ ಕೈಯಲ್ಲಿದೆ ಅನ್ನೋದೇ ಮೊದಲ ಪ್ರಶ್ನೆ, ಪುಸ್ತಕದಲ್ಲಿ ಏನಿದೆ ಅನ್ನೋದು ಆಮೇಲಿನದು.

ಆ ಪ್ರಶ್ನೆಗೆ ಉತ್ತರವಾಗಿ ಬಂದವರು ಈ 24 ಮಂದಿ. ಐದು ವರ್ಷದ ಕರಾರು, ಬೇಡವಾದರೆ ವಾಪಸು ಕಳಿಸುವ ಭರವಸೆ. ಬೆಟ್ಟ ಹತ್ತಿ ಕಲ್ಲು ಹೊತ್ತು ಮನೆ ಕಟ್ಟಿದರು, ಗದ್ದೆ ತೋಟ ಮಾಡಿದರು. ಮಾವಿನ ಸಸಿ ತಂದು ನೆಟ್ಟವರೂ ಇವರೇ ಅಂತ ಅಲ್ಲಿಯ ಜನ ಹೇಳ್ತಾರೆ. ಮಾವು ನಮ್ಮ ಕಡೆಯ ಹಣ್ಣು. 1782ರಲ್ಲಿ ಇಂಗ್ಲಿಷರು ಹಿಡಿದ ಫ್ರೆಂಚ್ ಹಡಗೊಂದರಿಂದ ಜಮೈಕಾ ಸೇರಿತ್ತು. ಹಣ್ಣಿಗೂ ಜನರಿಗೂ ಅದೇ ಸಮುದ್ರ, ಅದೇ ಯಜಮಾನರು.

ಆ 24ರಲ್ಲಿ ಹದಿನಾರರ ಆಸುಪಾಸಿನ ಒಬ್ಬ ಹೆಂಗಸಿದ್ದಳು. ಕ್ಯಾಥರೀನ್ ಮುಲ್ಗ್ರೇವ್. ಆಗಷ್ಟೇ ಮದುವೆಯಾಗಿತ್ತು. ಇವಳು ಜಮೈಕಾದಲ್ಲಿ ಹುಟ್ಟಿದವಳೂ ಅಲ್ಲ. ಅಂಗೋಲಾದ ಲುವಾಂಡದ ಕಡೆಯ ಹುಡುಗಿ. ಕೂಸಾಗಿದ್ದಾಗ ಗುಲಾಮರ ವ್ಯಾಪಾರಿಗಳು ಹಿಡಿದು ಹಡಗಿಗೆ ಹಾಕಿದರು. ಹಡಗು ಜಮೈಕಾದ ಹತ್ತಿರ ಒಡೆಯಿತು, ಹುಡುಗಿ ಬದುಕಿದಳು. ಅಲ್ಲಿಯ ಗವರ್ನರ್ ಮುಲ್ಗ್ರೇವ್ ಪ್ರಭುವಿನ ಮನೆಯಲ್ಲಿ ಬೆಳೆದಳು. ಅವಳ ಹೆಸರಿನ ಎರಡನೇ ತುಂಡು ಬಂದದ್ದು ಹಾಗೆ. ಅವ್ವ ಅಪ್ಪ ಇಟ್ಟ ಹೆಸರಿನ ಜಾಗದಲ್ಲಿ ಗವರ್ನರನ ಹೆಸರು. ಕಲಿತು ಶಿಕ್ಷಕಿಯಾದಳು. ಕ್ರಿಸ್ಟಿಯಾನ್ಸ್‌ಬೋರ್ಗಿನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದಳು. ತನ್ನಂಥ ಮಕ್ಕಳನ್ನು ಸಾಗಿಸಿದ ಕೋಟೆಯ ನೆರಳಲ್ಲೇ ಆಫ್ರಿಕದ ಹುಡುಗಿಯರಿಗೆ ಓದು, ಬರಹ, ಹೊಲಿಗೆ ಹೇಳಿಕೊಟ್ಟಳು.

ಮೊದಲ ಗಂಡ ಜಾರ್ಜ್ ಥಾಂಪ್ಸನ್, ಬಾಸೆಲಿನಲ್ಲಿ ಓದಿದ ಲೈಬೀರಿಯಾದವನು. ಅವನ ನಡತೆ ಕೆಟ್ಟು ಮದುವೆ ಮುರಿಯಿತು. 1851ರಲ್ಲಿ ಜರ್ಮನ್ ಮಿಷನರಿ ಯೊಹಾನ್ನಸ್ ಸಿಮ್ಮರ್‌ಮನ್ ಅವಳನ್ನು ಮದುವೆಯಾದ. ಬಾಸೆಲಿನ ಸಮಿತಿಯ ಅಪ್ಪಣೆ ಕೇಳಲೇ ಇಲ್ಲ. ಸಮಿತಿಯವರು ಸಿಟ್ಟಾದರು. ದೇವರ ಎದುರು ಎಲ್ಲರೂ ಸಮಾನರು ಅಂತ ಸಾರುವವರಿಗೆ ಬಿಳಿಯ ಕರಿಯಳನ್ನು ಕೈಹಿಡಿದರೆ ನಿದ್ದೆ ಬರುವುದಿಲ್ಲ. ನಮ್ಮಲ್ಲಿ ಸಮಾನತೆಯ ಭಾಷಣ ಬಿಗಿದು ಮಗಳ ಮದುವೆ ಬಂದಾಗ ಜಾತಿ ಕೇಳುವವರ ಬಂಧುಗಳೇ ಇವರು.

1848ರ ಜುಲೈ 3ರಂದು ಅಕ್ರೊಪಾಂಗಿನಲ್ಲಿ ಉಪದೇಶಿಗಳಿಗೂ ಮೇಷ್ಟ್ರುಗಳಿಗೂ ತರಬೇತಿ ಶಾಲೆ ತೆರೆಯಿತು. ಮೊದಲ ವಿದ್ಯಾರ್ಥಿಗಳು ಐದೇ ಮಂದಿ. ಓದು ಊರ ಭಾಷೆಯಲ್ಲೇ ಶುರು, ಜೊತೆಗೆ ತೋಟದ ಕೆಲಸ, ಕೈಕಸುಬು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಪ್ರಾರ್ಥನೆ. ಕ್ರೈಸ್ತರಾದವರಿಗೆ ಊರ ಹೊರಗೆ ಬೇರೆ ಕೇರಿ, ‘ಸೇಲಂ’ ಅಂತ ಅದಕ್ಕೆ ಹೆಸರು. ಊರ ಹೊರಗಿನ ಕೇರಿ ಅಂದರೆ ನಮಗೆ ಒಂದೇ ಅರ್ಥ, ಅಲ್ಲಿ ಅದು ತಲೆಕೆಳಗು. ತಾವು ಶುದ್ಧರು ಅಂತ ತಾವೇ ಹೊರಗೆ ಹೋಗಿ ಕೂತವರ ಕೇರಿ ಅದು. ಅಲ್ಲಿ ಡೋಲು ಬಡಿಯುವ ಹಾಗಿಲ್ಲ, ಹಳೆ ದೇವರ ಹೆಸರೆತ್ತುವ ಹಾಗಿಲ್ಲ. ಅಕ್ಷರ ಕೊಟ್ಟ ಕೈಯೇ ಹಾಡು ಕಿತ್ತುಕೊಂಡಿತು. ನಮ್ಮ ಮನೆಯಲ್ಲಿ ಮೊದಲು ಸ್ಕೂಲು ಮೆಟ್ಟಿಲು ಹತ್ತಿದವನು ನಾನು. ಆದ್ದರಿಂದ ಆ ಐದು ಹುಡುಗರಿಗೆ ಅಕ್ಷರ ಬೇಡವಾಗಿತ್ತು ಅಂತ ನಾನಂತೂ ಹೇಳಲಾರೆ. ಅದಕ್ಕೆ ತೆತ್ತ ಬೆಲೆ ಎಷ್ಟು ಅನ್ನೋದನ್ನು ಮಾತ್ರ ಲೆಕ್ಕ ಹಾಕಬೇಕು.

ಇನ್ನು ಮುಚ್ಚಿಡಬಾರದ ಒಂದು ಸಂಗತಿ. ಆ ಸೀಮೆಯಲ್ಲೂ ಮನೆಮನೆಗೆ ಗುಲಾಮರಿದ್ದರು. ಮಿಷನ್ನಿಗೆ ಸೇರಿದ ಉಳ್ಳವರು ಗುಲಾಮರನ್ನು ಇಟ್ಟುಕೊಂಡೇ ಚರ್ಚಿಗೆ ಬಂದರು. ರೀಸ್ ಮೇಲೇ ಗುಲಾಮರನ್ನು ದುಡಿಸಿಕೊಂಡ ಆರೋಪ ಬಂದು 1845ರಲ್ಲಿ ಅವನು ಅಲ್ಲಿಂದ ಹೊರಡಬೇಕಾಯಿತು. ಸಿಮ್ಮರ್‌ಮನ್, ಗುಲಾಮಳಾಗಿ ಸಾಗಿಹೋದವಳ ಗಂಡ, ಇಲ್ಲಿಯ ಮನೆಗುಲಾಮಗಿರಿ ಅಮೆರಿಕದ್ದರಷ್ಟು ಕ್ರೂರವಲ್ಲ, ಆತುರ ಬೇಡ ಅಂತ ವಾದಿಸಿದ! ‘ನಮ್ಮ ಆಳು ನಮ್ಮ ಮನೆ ಮಗನಿದ್ದ ಹಾಗೆ’ ಅನ್ನುವ ಗೌಡರ ಮಾತು ನೆನಪಾಗುತ್ತದೆ. ಕಡೆಗೆ 1860ರ ದಶಕದ ಆರಂಭದಲ್ಲಿ ಬಾಸೆಲ್ ಸಮಿತಿ ಸಭೆಯ ಸದಸ್ಯರು ಗುಲಾಮರನ್ನು ಬಿಡಲೇಬೇಕು ಅಂತ ಕಟ್ಟಪ್ಪಣೆ ಮಾಡಿತು. ಕೆಲವರು ಗುಲಾಮರನ್ನು ಬಿಡುವ ಬದಲು ಸಭೆಯನ್ನೇ ಬಿಟ್ಟರು. ಬ್ರಿಟಿಷ್ ಸರ್ಕಾರ ಅಲ್ಲಿ ಕಾನೂನು ತಂದದ್ದು 1874ರಲ್ಲಿ.

ಭಾಷೆಯ ಕೆಲಸವೂ ದೊಡ್ಡದೇ. ಕ್ರಿಸ್ಟಾಲರ್ ಎಂಬ ಪಾದ್ರಿ ಅಲ್ಲಿಯ ಟ್ವಿ ಭಾಷೆಗೆ 1875ರಲ್ಲಿ ವ್ಯಾಕರಣ ತಂದ, 1879ರಲ್ಲಿ 3,600 ಗಾದೆ ಕೂಡಿಸಿ ಅಚ್ಚು ಹಾಕಿಸಿದ, 1881ರಲ್ಲಿ ನಿಘಂಟು. ನಮ್ಮ ಕಿಟೆಲ್ ನಿಘಂಟು 1894ರದ್ದು. ಒಂದೇ ಮಿಷನ್, ಒಂದೇ ಬಗೆಯ ದುಡಿಮೆ. ಆದರೆ ಆ ಗಾದೆಗಳು ಯಾರ ಬಾಯಲ್ಲಿದ್ದವು? ಕ್ರಿಸ್ಟಾಲರ್ ಜೊತೆ ಕೂತು ದುಡಿದವರಲ್ಲಿ ಡೇವಿಡ್ ಅಸಾಂಟೆ ಒಬ್ಬ. 1848ರ ಆ ಐವರಲ್ಲಿ ಒಬ್ಬನಾದ ಇವನು ಮುಂದೆ ಬಾಸೆಲಿಗೆ ಹೋಗಿ ಓದಿ ಬಂದು ತಾನೇ ಪಾದ್ರಿಯಾದ.

1843ರ ಗುಂಪಿನಲ್ಲಿ ಕೆಲವರು ಕರಾರು ಮುಗಿದ ಮೇಲೆ ಜಮೈಕಾಕ್ಕೆ ವಾಪಸಾದರು. ಕ್ಯಾಥರೀನ್ ವಾಪಸು ಹೋಗಲಿಲ್ಲ. ಸಿಮ್ಮರ್‌ಮನ್ 1876ರಲ್ಲಿ ತೀರಿಕೊಂಡ, ಅವಳು 1891ರವರೆಗೆ ಬದುಕಿದಳು. ಅಲೆಕ್ಸಾಂಡರ್ ಕ್ಲರ್ಕ್ ಎಂಬ ಜಮೈಕಾದ ಮೇಷ್ಟ್ರೂ ಅಷ್ಟೇ. ಐದು ವರ್ಷಕ್ಕೆಂದು ಬಂದವನು 63 ವರ್ಷ ಅಲ್ಲೇ ಕಳೆದು 1906ರಲ್ಲಿ ಅಬುರಿ ಊರಲ್ಲಿ ಕಣ್ಣು ಮುಚ್ಚಿದ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಬಾಸೆಲಿನ ಬಿಳಿಯರನ್ನೆಲ್ಲ ಹಡಗು ಹತ್ತಿಸಿ ಗೋಲ್ಡ್ ಕೋಸ್ಟಿನಿಂದ ಓಡಿಸಿದರು. ಶಾಲೆಗಳು ಮುಚ್ಚಲಿಲ್ಲ. ಪಾಠ ಹೇಳುತ್ತಿದ್ದ ಕರಿಯ ಮೇಷ್ಟ್ರುಗಳು ಹೇಳುತ್ತಲೇ ಇದ್ದರು. 1918ರಲ್ಲಿ ಅಲ್ಲಿಯ ಸಭೆಯ ಆಡಳಿತಕ್ಕೆ ಮೊದಲ ಕಾರ್ಯದರ್ಶಿಯಾಗಿ ಆರಿಸಿದ್ದು ನಿಕೊಲಾಸ್ ಕ್ಲರ್ಕ್‌ನನ್ನು, ಆ ಜಮೈಕಾದ ಮೇಷ್ಟ್ರ ಮಗನನ್ನು.