ಸ್ಕೂಬಾ ಡೈವಿಂಗ್ ಪ್ರಮಾಣಪತ್ರ: ಇತಿಹಾಸ ಮತ್ತು ವಿದೇಶದ ಮಾನ್ಯತೆ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವುದನ್ನು ಒಬ್ಬರು ಇಂತಿಷ್ಟು ಮಟ್ಟಕ್ಕೆ ಕಲಿತಿದ್ದಾರೆಂದು ತರಬೇತಿ ಸಂಸ್ಥೆ ಕೊಡುವ ಗುರುತೇ ಸ್ಕೂಬಾ ಪ್ರಮಾಣಪತ್ರ. ಡೈವರ್‌ಗಳ ಬಾಯಲ್ಲಿ ಅದು ಬರೀ ‘ಕಾರ್ಡ್’. ಕರ್ನಾಟಕದ ನೇತ್ರಾಣಿ ದ್ವೀಪದಲ್ಲಿ ಪಡೆದ ಕಾರ್ಡ್ ಮಾಲ್ಡೀವ್ಸ್‌ನಲ್ಲೂ ಥಾಯ್ಲೆಂಡ್‌ನಲ್ಲೂ ನಡೆಯುತ್ತದೆ. ಅದರ ಹಿಂದೆ ಸರ್ಕಾರಗಳ ಒಪ್ಪಂದವಿಲ್ಲ. ತರಬೇತಿ ಸಂಸ್ಥೆಗಳು ದಶಕಗಳಿಂದ ಬೆಳೆಸಿಕೊಂಡು ಬಂದ ಪರಸ್ಪರ ನಂಬಿಕೆ ಇದೆ.

1943ರಲ್ಲಿ ಫ್ರಾನ್ಸ್‌ನ ಜಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಆಕ್ವಾಲಂಗ್ ಎರಡನೆಯ ಮಹಾಯುದ್ಧದ ನಂತರ ಅಂಗಡಿಗಳಿಗೆ ಬಂತು. ದುಡ್ಡಿದ್ದವರು ಕೊಂಡರು, ಹಾಕಿಕೊಂಡು ಇಳಿದರು, ಕೆಲವರು ಸತ್ತರು. ಸಾವಿಗೆ ಈಜು ಬಾರದಿರುವುದೇ ಕಾರಣವಾಗಿರಲಿಲ್ಲ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಇಮ್ಮಡಿ. ಅಲ್ಲಿ ಸಿಲಿಂಡರಿನಿಂದ ಎಳೆದ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗಿ ಶ್ವಾಸಕೋಶ ಹರಿಯಬಹುದು. ಹೊಳೆಯಲ್ಲಿ ಮುಳುಗು ಹಾಕಿ ಬೆಳೆದವರಿಗೆ ಉಸಿರು ಕಟ್ಟುವುದೇ ಮೊದಲ ಪಾಠ. ಸ್ಕೂಬಾದಲ್ಲಿ ಮೊದಲು ಬಿಡಿಸುವುದೇ ಆ ಅಭ್ಯಾಸವನ್ನು. ತರಬೇತಿ ಬೇಕೇಬೇಕು ಎಂಬ ಮಾತು ಹುಟ್ಟಿದ್ದು ಹೀಗೆ.

ಆರಂಭದ ವ್ಯವಸ್ಥಿತ ಶಿಕ್ಷಕ ತರಬೇತಿಗಳಲ್ಲೊಂದು ಸ್ಥಳೀಯ ಸರ್ಕಾರದ್ದೇ: 1954ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಆರಂಭಿಸಿದ್ದು. ಉಳಿದಂತೆ ತರಬೇತಿಯ ಕೆಲಸ ಸರ್ಕಾರದ ಹೊರಗೇ ಎರಡು ದಾರಿ ಹಿಡಿಯಿತು. ಯುರೋಪಿನಲ್ಲಿ ಕ್ಲಬ್‌ಗಳು ಮುಂದಾದವು: 1953ರಲ್ಲಿ ಬ್ರಿಟಿಷ್ ಸಬ್‌ಆಕ್ವಾ ಕ್ಲಬ್, 1959ರಲ್ಲಿ ಕೂಸ್ತೊ ಅಧ್ಯಕ್ಷತೆಯ ಜಾಗತಿಕ ಒಕ್ಕೂಟ ಸಿಎಂಎಎಸ್. ಈ ಒಕ್ಕೂಟ ಇಂದಿಗೂ ಡೈವರ್‌ಗಳ ಮಟ್ಟವನ್ನು ನಕ್ಷತ್ರಗಳಲ್ಲಿ ಅಳೆಯುತ್ತದೆ. ಅಮೆರಿಕದಲ್ಲಿ 1960ರಲ್ಲಿ ಎನ್‌ಎಯುಐ, 1966ರಲ್ಲಿ ಪ್ಯಾಡಿ, 1970ರಲ್ಲಿ ಎಸ್‌ಎಸ್‌ಐ ಎಂಬ ತರಬೇತಿ ಸಂಸ್ಥೆಗಳು ಹುಟ್ಟಿದವು. ಪ್ಯಾಡಿಯನ್ನು ಕಟ್ಟಿದ ಜಾನ್ ಕ್ರೋನಿನ್ ಡೈವಿಂಗ್ ಸಲಕರಣೆ ಮಾರುತ್ತಿದ್ದವರು, ಜೊತೆಗಾರ ರಾಲ್ಫ್ ಎರಿಕ್ಸನ್ ಈಜು ಕಲಿಸುತ್ತಿದ್ದವರು. ಕಾರ್ಡಿನ ಮೇಲೆ ಡೈವರ್‌ನ ಫೋಟೊ ಅಚ್ಚುಹಾಕಿದ್ದು ಅವರ ಜಾಣ್ಮೆ. ಬೇರೆಯವರ ಕಾರ್ಡ್ ತೋರಿಸಿ ಸಿಲಿಂಡರ್ ಪಡೆಯುವುದು ಅದರಿಂದ ಕಷ್ಟವಾಯಿತು, ಸಂಸ್ಥೆಯ ಹೆಸರೂ ಊರೂರಿಗೆ ಹೋಯಿತು.

ಕಾರ್ಡುಗಳು ಹೆಚ್ಚಿದಂತೆ ಯಾವುದು ಯಾವುದಕ್ಕೆ ಸಮ ಎಂಬ ಗೊಂದಲವೂ ಬೆಳೆಯಿತು. ಅದನ್ನು ಬಹುಮಟ್ಟಿಗೆ ಬಗೆಹರಿಸಿದ್ದು 2007ರಲ್ಲಿ ಪ್ರಕಟವಾಗಿ 2014ರಲ್ಲಿ ಪರಿಷ್ಕೃತವಾದ ಐಎಸ್‌ಒ 24801 ಮಾನಕ. ಇದರ ಮೊದಲ ಭಾಗ ತಂಡ ನಡೆಸುವವರ ಮೇಲ್ವಿಚಾರಣೆಯಲ್ಲಿ ಮಾತ್ರ ಇಳಿಯಬಲ್ಲವರಿಗೆ, ಎರಡನೆಯದು ಸಮಾನ ಅರ್ಹತೆಯ ಜೊತೆಗಾರರೊಂದಿಗೆ ಸ್ವತಂತ್ರವಾಗಿ ಇಳಿಯಬಲ್ಲವರಿಗೆ, ಮೂರನೆಯದು ತಂಡ ನಡೆಸುವವರಿಗೆ. ಪ್ಯಾಡಿ, ಎಸ್‌ಎಸ್‌ಐಗಳ ‘ಓಪನ್ ವಾಟರ್’ ಕೋರ್ಸ್ ಎರಡನೆಯದಕ್ಕೆ ಹೊಂದುತ್ತದೆ. ಯಾವ ಸಂಸ್ಥೆ ದೊಡ್ಡದು ಎಂದು ಕಲಿಯುವವರು ತಲೆಕೆಡಿಸಿಕೊಳ್ಳುವುದುಂಟು. ಕೇಳಬೇಕಾದದ್ದು ಕೈಗೆ ಬರುವ ಕಾರ್ಡ್ ಈ ಎರಡನೆಯ ಭಾಗಕ್ಕೆ ಸಲ್ಲುತ್ತದೆಯೇ ಎಂದು.

ಕರ್ನಾಟಕದಲ್ಲಿ ಈ ಪ್ರಶ್ನೆ ಏಳುವುದು ಮುಖ್ಯವಾಗಿ ಮುರ್ಡೇಶ್ವರದಲ್ಲಿ. ಅಲ್ಲಿಂದ ಸುಮಾರು 19 ಕಿ.ಮೀ. ದೂರ ಕಡಲಲ್ಲಿರುವ, ಹಳೆಯ ನಕ್ಷೆಗಳಲ್ಲಿ ಪಿಜನ್ ಐಲ್ಯಾಂಡ್ ಎನಿಸಿಕೊಂಡ ನೇತ್ರಾಣಿ ದ್ವೀಪ ಒಂದು ಕಾಲದಲ್ಲಿ ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿತ್ತು. ಈಗ ಅದು ರಾಜ್ಯದ ಪ್ರಮುಖ ಡೈವಿಂಗ್ ತಾಣ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದಗುಡಿ’ (2022) ಚಿತ್ರದ ಮೂಲಕ ಅಲ್ಲಿನ ನೀರಿನಡಿಯನ್ನು ಕಡಲು ಕಾಣದ ಊರಿನವರೂ ಕಂಡರು. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ವಾರಾಂತ್ಯಕ್ಕೆ ಬರುವ ಹೆಚ್ಚಿನವರು ಮಾಡುವುದು ಶಿಕ್ಷಕರು ಕೈಹಿಡಿದು 12 ಮೀಟರ್ ಒಳಗೇ ಸುತ್ತಿಸಿ ತರುವ ಪರಿಚಯದ ಇಳಿತ. ಅದರ ನೆನಪಿಗೆ ಕೊಡುವ ಕಾಗದ ಎಷ್ಟೇ ಚಂದವಿರಲಿ, ಅದು ಅರ್ಹತೆಯ ಕಾರ್ಡ್ ಅಲ್ಲ; ಅದನ್ನು ಹಿಡಿದು ವಿದೇಶಕ್ಕೆ ಹೋದವರು ಅಲ್ಲಿ ಮತ್ತೆ ಮೊದಲಿಂದಲೇ ಶುರುಮಾಡಬೇಕು.

ಹಲಕುಂದಿಯಂಥ ಒಳನಾಡಿನ ಊರಿನವರು ಕೋರ್ಸನ್ನು ಎರಡು ಕಡೆ ಹಂಚಿಕೊಳ್ಳಬಹುದು. ಪ್ಯಾಡಿ ಕ್ರಮದಲ್ಲಿ ಪಾಠ ಮತ್ತು ಐದು ಕೊಳದ ಇಳಿತಗಳನ್ನು ಬೆಂಗಳೂರಿನಲ್ಲಿ ಮುಗಿಸಿ, ನಾಲ್ಕು ಕಡಲಿನ ಇಳಿತಗಳನ್ನು ನೇತ್ರಾಣಿಯಲ್ಲೋ ಪುದುಚೇರಿಯಲ್ಲೋ ಅಂಡಮಾನಿನಲ್ಲೋ ಪೂರೈಸುವುದುಂಟು. ಮೊದಲ ಶಿಕ್ಷಕರು ಬರೆದುಕೊಡುವ ವರ್ಗಾವಣೆ ಪತ್ರಕ್ಕೆ 12 ತಿಂಗಳ ಆಯುಷ್ಯ. ಕಲಿಯುವವರು 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ತುಂಗಭದ್ರೆಯಲ್ಲಿ ಈಜಿದವರಿಗೆ ಇದೇನೂ ದೊಡ್ಡದಲ್ಲ. ಆದರೆ ಆಸ್ತಮಾ, ಕಿವಿಯ ತೊಂದರೆಯಂಥವು ಇದ್ದವರನ್ನು ಆರೋಗ್ಯ ಪ್ರಶ್ನಾವಳಿ ವೈದ್ಯರ ಬಳಿಗೆ ಕಳಿಸುತ್ತದೆ, ಕಳಿಸಲೂಬೇಕು.

ಕಾರ್ಡಿಗೆ ಅವಧಿ ಮುಗಿಯುವುದೆಂಬುದಿಲ್ಲ. ಆದರೂ ಬಹುಕಾಲ ನೀರಿಗಿಳಿಯದವರನ್ನು ಡೈವಿಂಗ್ ಕೇಂದ್ರಗಳು ಇಳಿತಗಳ ದಾಖಲೆ ಪುಸ್ತಕ ಕೇಳುತ್ತವೆ, ಆಳವಿಲ್ಲದ ನೀರಿನಲ್ಲಿ ಮೊದಲು ಪರೀಕ್ಷಿಸುತ್ತವೆ. ಕಾರ್ಡ್ ಎಷ್ಟೇ ಮೇಲಿನ ಮಟ್ಟದ್ದಾಗಿರಲಿ, ಮಾಲ್ಡೀವ್ಸ್‌ನಲ್ಲಿ ಮನರಂಜನೆಯ ಇಳಿತಕ್ಕೆ 30 ಮೀಟರೇ ಕಾನೂನಿನ ಮಿತಿ.

ಈ ಕಾರ್ಡುಗಳೆಲ್ಲ ಮನರಂಜನೆಗೆ ಸೇರಿದವು. ಕನ್ನಡಿಗ ಪುರಾತತ್ತ್ವಜ್ಞ ಎಸ್.ಆರ್. ರಾವ್ 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಿಂದ ದ್ವಾರಕೆಯ ಕಡಲಡಿಯಲ್ಲಿ ನಡೆಸಿದ ಶೋಧದಂಥ ವೈಜ್ಞಾನಿಕ ಡೈವಿಂಗ್ ಬೇರೆಯದೇ ಕ್ಷೇತ್ರ. ತೈಲಬಾವಿ, ಬಂದರು, ಹಡಗಿನ ತಳಗಳಲ್ಲಿ ಬೆಸುಗೆ ಹಾಕುವ ವಾಣಿಜ್ಯ ಡೈವಿಂಗೂ ಹಾಗೆಯೇ. ಗಲ್ಫಿನಲ್ಲಿ ಅಂಥ ಕೆಲಸ ಹುಡುಕುವವರಿಗೆ ಓಪನ್ ವಾಟರ್ ಕಾರ್ಡ್ ಸಾಲದು, ವಾಣಿಜ್ಯ ಡೈವಿಂಗ್ ಶಾಲೆಯ ತರಬೇತಿಯನ್ನೇ ಪಡೆಯಬೇಕು.