ಏಳು ತಂತಿಯ ಚೌಡಯ್ಯ

ಧ್ವನಿವರ್ಧಕಗಳು ಬರುವ ಮುನ್ನ ಕಛೇರಿಯಲ್ಲಿ ಪಿಟೀಲಿನವರ ಪಾಡು ಕಷ್ಟದ್ದಾಗಿತ್ತು. ಗಾಯಕರ ತುಂಬುಕಂಠ, ಮೃದಂಗದ ಘೋಷಗಳ ನಡುವೆ ನಾಲ್ಕು ತಂತಿಯ ನಾದ ಹಿಂದಿನ ಸಾಲಿನ ಶ್ರೋತೃಗಳನ್ನು ಮುಟ್ಟುವುದು ದುಸ್ತರ. ಪಾಶ್ಚಾತ್ಯರಲ್ಲಿ ಮಂದ್ರದ ಗಾಂಭೀರ್ಯಕ್ಕೆ ಚೆಲ್ಲೊ ಎಂಬ ದೊಡ್ಡ ವಾದ್ಯವೇ ಇದೆ. 1895ರಲ್ಲಿ ತಿರುಮಕೂಡಲಿನಲ್ಲಿ ಜನಿಸಿದ, ಬಿಡಾರಂ ಕೃಷ್ಣಪ್ಪನವರ ಶಿಷ್ಯ ಟಿ. ಚೌಡಯ್ಯನವರು ಬೇರೆ ವಾದ್ಯ ಹುಡುಕಲಿಲ್ಲ. ಇದ್ದ ಪಿಟೀಲಿಗೇ ಮೂರು ತಂತಿ ಹೆಚ್ಚಿಸಿದರು. ನಾದ ತುಂಬಿಕೊಂಡಿತು. ಆದರೆ ತಂತಿ ಹೆಚ್ಚಿದಷ್ಟೂ ಶ್ರುತಿ ಕೂಡಿಸುವ ಶ್ರಮವೂ ಹೆಚ್ಚು. ಆ ಹಾದಿಯಲ್ಲಿ ನಡೆದವರು ವಿರಳ.

1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದು ನೀಡಿತು. 1967ರಲ್ಲಿ ಅವರು ತೀರಿಕೊಂಡರು. ಮೈಕು ಬಂದ ಮೇಲೆ ಹೆಚ್ಚಿನ ತಂತಿಗಳ ಅಗತ್ಯ ತಗ್ಗಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಎದ್ದು ನಿಂತ ಚೌಡಯ್ಯ ಸ್ಮಾರಕ ಭವನ ಆ ಸಾಹಸವನ್ನು ಇಂದಿಗೂ ನೆನಪಿಸುತ್ತಿದೆ.